ಬೆನ್ನಬಾಗಿಲ ಮುಂದೆ ಮೂರು ಸಲ

ಗಾಳಿಗುಡ್ಡ,
ನೆರಳಮಾಸದ ಮೂವತ್ತೆರಡನೆಯ ದಿನ

ಸುವರ್ಣವ್ವಾ,

ಮೂವತ್ತೆರಡನೆಯ ತಾರೀಖು ಯಾವ ತಿಂಗಳಲ್ಲಿದೆ ಎಂದು ನೀನು ನಗುತ್ತಿರಬಹುದು. ನಮ್ಮ ಪಂಚಾಂಗದಲ್ಲಿದೆ. ಬೇಸಿಗೆ ಉದ್ದವಾಗಿ, ಉಳಿದ ಕಾಲಗಳು ಮೊಟಕಾದ ಮೇಲೆ ನಮ್ಮ ಹಿರಿಯರು ವರ್ಷಕ್ಕೆ ಹತ್ತೇ ತಿಂಗಳು ಸಾಕೆಂದು ತೀರ್ಮಾನಿಸಿ, ಮಿಕ್ಕ ದಿನಗಳನ್ನು ಅವುಗಳಿಗೇ ಹಂಚಿಬಿಟ್ಟರು. ನಿನ್ನ ಲೆಕ್ಕದಲ್ಲಿ ಇದು ಎರಡು ಸಾವಿರದ ಮುನ್ನೂರನೆಯ ಇಸವಿಯ ಆಸುಪಾಸು. ನನ್ನ ಕನ್ನಡ ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಮುದಿತನದಲ್ಲಿ ಹಟ ಹಿಡಿದು ಕಲಿತದ್ದು. ನಡುನಡುವೆ ನಮ್ಮ ಮಾತು ನುಸುಳಿದರೆ ಅಲ್ಲಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ.

ನಿನ್ನನ್ನು ಏನೆಂದು ಕರೆಯಬೇಕೆಂಬುದೇ ದೊಡ್ಡ ತಲೆನೋವಾಯಿತು. ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿಗೂ ಅಜ್ಜಿ. ಆ ಲೆಕ್ಕದಲ್ಲಿ ನಿನ್ನ ಕಾಲಿಗೆ ಎರಗಬೇಕು. ಆದರೆ ಈ ಓಲೆ ನಿನ್ನ ಕೈ ಸೇರುವಾಗ ನೀನು ಗದಗಿನ ಒಂದು ಬಾಡಿಗೆ ಮನೆಯಲ್ಲಿ ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿದೆ. ನನಗೋ ಅರವತ್ತೈದು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ. ತಾಯಿಯನ್ನೂ ಮಗಳನ್ನೂ ಅವ್ವ ಎಂದೇ ಕರೆಯುವ ನಮ್ಮ ಸೀಮೆಯ ರೂಢಿ ಇನ್ನೂ ಉಳಿದಿರುವುದರಿಂದ ಬಚಾವಾದೆ. ನನ್ನ ಹೆಸರು ನೀಲಗಂಗವ್ವ. ಹಳೆಯ ಹೆಸರೇ. ಸೀರೆಯ ಅಂಚಿನಂತೆ ಹೆಸರುಗಳೂ ತಿರುಗಿ ಚಾಲ್ತಿಗೆ ಬರುತ್ತವೆ. ಕೆಲಸದಲ್ಲಿ ನಾನು ಜೋಮುಗಾರ್ತಿ. ಬಹಳ ಹೊತ್ತು ಕಾಲು ಮಡಚಿ ಕುಳಿತಾಗ ಪಾದಕ್ಕೆ ಜೋಮು ಹಿಡಿಯುತ್ತದಲ್ಲ, ಅಂಥದನ್ನು ಬೇಕಾದ ಜಾಗಕ್ಕೆ, ಬೇಕಾದಷ್ಟು ಹೊತ್ತಿಗೆ ತರಿಸುವವಳು ಎಂದು ಅರ್ಥ. ನಿಮ್ಮಲ್ಲಿ ಅರಿವಳಿಕೆ ಡಾಕ್ಟರ್ ಎನ್ನುತ್ತಿದ್ದರಂತೆ.

ಉಳಿದದ್ದನ್ನು ಹೇಳುವ ಮೊದಲು ನಿನಗೊಂದು ಪ್ರಶ್ನೆ. ಇದನ್ನು ಈ ಓಲೆಯಲ್ಲಿ ಮೂರು ಸಲ ಕೇಳುತ್ತೇನೆ. ಯಾಕೆ ಮೂರು ಸಲ ಎಂಬುದು ಮುಂದೆ ತಿಳಿಯುತ್ತದೆ. ಹೆರಿಗೆಯ ಹೊತ್ತಿಗೆ ನಿನ್ನ ನೋವನ್ನು ಇಳಿಸುವ ದಾರಿಯೊಂದಿದೆ. ಬೇಕೇನವ್ವ? ಇದು ಮೊದಲನೆಯ ಸಲ. ಈಗಲೇ ಉತ್ತರ ಹೇಳಬೇಕಾಗಿಲ್ಲ.

ನಾನು ಕುಳಿತಿರುವುದು ಹೆರಿಗೆಮನೆಯ ಹೊರಗಿನ ಕಟ್ಟೆಯ ಮೇಲೆ. ನಮ್ಮ ಊರು ಕಪ್ಪತಗುಡ್ಡದ ನೆತ್ತಿಯಲ್ಲಿದೆ. ನಿಮ್ಮ ಕಾಲದವರು ವಿದ್ಯುತ್ತಿಗೆಂದು ನೆಟ್ಟ ಗಾಳಿಕಂಬಗಳ ಬುಡಗಳು ಇನ್ನೂ ಇವೆ. ಅವುಗಳ ಮೇಲೆಯೇ ನಮ್ಮ ಹೊಸ ಕಂಬಗಳು ನಿಂತಿವೆ, ಬುಡದ ದಪ್ಪ ಗೋಡೆಗಳ ಒಳಗೆ ನಮ್ಮ ತಂಪುಮನೆಗಳಿವೆ. ಬೀದಿಗಳ ಮೇಲೆಲ್ಲ ಮಾಡು ಹೊದಿಸಿ ನೆರಳುಬೀದಿ ಮಾಡಿಕೊಂಡಿದ್ದೇವೆ. ಸೂರ್ಯ ನೆತ್ತಿಗೆ ಬಂದಾಗ ಊರೇ ಮಲಗುತ್ತದೆ, ಬಿಸಿಲಿಳಿದ ಮೇಲೆ ಅಂಗಡಿ, ಶಾಲೆ, ಜಗಳ ಎಲ್ಲವೂ ಶುರುವಾಗುತ್ತವೆ. ಸಜ್ಜೆ ರೊಟ್ಟಿಯನ್ನು ಓಣಿಗೊಂದು ಬಿಸಿಲೊಲೆಯಲ್ಲಿ ಬೇಯಿಸುತ್ತಾರೆ, ಯಾರ ಮನೆಯ ರೊಟ್ಟಿ ದಪ್ಪ, ಯಾರದು ತೆಳು ಎಂಬ ಮಾತು ಮಾತ್ರ ನಿಮ್ಮ ಕಾಲದಿಂದ ಹಾಗೆಯೇ ಬಂದಿದೆ. ಗುಡ್ಡದ ಇಳಿಜಾರಿನಲ್ಲಿ ಹಳದಿ ಗುಂಡಿಯಂಥ ಹೂವಿನ ಒಂದು ಗಿಡ ಬೆಳೆಯುತ್ತೇವೆ. ಬಾಯಲ್ಲಿಟ್ಟರೆ ನಾಲಿಗೆ ಜುಮ್ಮೆನ್ನುತ್ತದೆ. ಮಕ್ಕಳು ಪಂದ್ಯ ಕಟ್ಟಿ ಅದನ್ನು ಅಗಿದು, ಮಾತಾಡಲಾರದೆ ತೊದಲುತ್ತ ಮನೆಗೆ ಬಂದು ಬೈಸಿಕೊಳ್ಳುತ್ತವೆ. ಅದರ ಬೇರಿನಿಂದ ತೆಗೆದು ಶುದ್ಧಿ ಮಾಡಿದ ಜೋಮುರಸವೇ ನಮ್ಮ ಔಷಧ.

ಒಳಗೆ ಮುಗಿಲು ಎಂಬ ನನ್ನ ಮೊಮ್ಮಗಳು ಹೆರಿಗೆ ಬೇನೆ ತಿನ್ನುತ್ತಿದ್ದಾಳೆ. ಊರಿನ ಅರ್ಧ ಮಕ್ಕಳು ಹುಟ್ಟುವಾಗ ತಾಯಂದಿರ ಬೆನ್ನ ಹಿಂದೆ ನಿಂತಿದ್ದವಳು ನಾನು, ಇವತ್ತು ಒಳಗೆ ಕಾಲಿಡುವಂತಿಲ್ಲ. ನಮ್ಮ ಕಟ್ಟಳೆ ಹಾಗಿದೆ. ಹೆರಿಗೆ ಮುಗಿಯುವವರೆಗೆ ರಕ್ತಸಂಬಂಧಿಗಳು ಒಳಗೆ ಹೋಗಬಾರದು, ಬೇಕು ಬೇಡ ಎಂದು ಹೊರಗಿನಿಂದಲೂ ಹೇಳಿ ಕಳಿಸಬಾರದು. ನನ್ನ ಬದಲಿಗೆ ಡಂಬಳದಿಂದ ಹುಲಿಗೆವ್ವ ಎಂಬ ಜೋಮುಗಾರ್ತಿ ಬಂದಿದ್ದಾಳೆ. ವಯಸ್ಸು ಸಣ್ಣದು, ಕೈ ಒಳ್ಳೆಯದು, ಕೊಬ್ಬು ಸ್ವಲ್ಪ ಜಾಸ್ತಿ. ಹೊರಗೆ ಕಾಯುವವರ ಬಾಯಿ ತುರಿಸುತ್ತದೆ ಎಂಬುದು ಕಟ್ಟಳೆ ಮಾಡಿದವರಿಗೂ ಗೊತ್ತಿದ್ದಿರಬೇಕು. ಅದಕ್ಕೇ ಕಟ್ಟೆಯ ಪಕ್ಕದ ಗೋಡೆಯಲ್ಲಿ ಒಂದು ಗೂಡು ಇಟ್ಟಿದ್ದಾರೆ. ಹೊರಗೆ ಕುಳಿತವರು ಸತ್ತ ಹಿರಿಯರಲ್ಲಿ ಯಾರಿಗಾದರೂ, ಅವರು ಬದುಕಿದ್ದ ಯಾವ ದಿನಕ್ಕಾದರೂ, ಓಲೆ ಬರೆದು ಅದರಲ್ಲಿಡಬಹುದು. ಓಲೆಗಳು ತಲುಪುತ್ತವೆಯೋ ಇಲ್ಲವೋ ನಾನು ಕಾಣೆ. ಮಾರನೆಯ ದಿನ ಗೂಡು ಖಾಲಿ ಇರುತ್ತದೆ, ಅಷ್ಟು ನಿಜ.

ಈಗ ನೋವು ಇಳಿಸುವ ದಾರಿ ಎಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಇನ್ನೂರೆಪ್ಪತ್ತು ವರ್ಷಗಳಲ್ಲಿ ಸೂಜಿಯೇ ಇಲ್ಲವಾಗಿರಬೇಕು ಎಂದುಕೊಂಡಿದ್ದರೆ ನಿನಗೆ ನಿರಾಸೆಯಾಗುತ್ತದೆ. ಸೂಜಿ ಇದೆ. ಸೊಂಟದ ಮೇಲೆ, ಬೆನ್ನುಮೂಳೆಯ ಎರಡು ಮಣಿಗಳ ನಡುವೆ ಒಂದು ಸಂದಿ ಇರುತ್ತದೆ. ನಾವು ಅದಕ್ಕೆ ಬೆನ್ನಬಾಗಿಲು ಎನ್ನುತ್ತೇವೆ. ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಬೆಕ್ಕಿನಂತೆ ಬೆನ್ನು ಬಾಗಿಸಲು ಹೇಳುತ್ತೇವೆ. ಅವಳ ಎದುರು ಅವಳೇ ಆರಿಸಿಕೊಂಡ ಒಬ್ಬರು ಕುಳಿತು ತೋಳು ಕೊಡುತ್ತಾರೆ, ಅವಳು ಅವರ ಭುಜಕ್ಕೆ ಹಣೆ ಊರಿ ಅಲುಗಾಡದೆ ಇರುತ್ತಾಳೆ. ನಮ್ಮ ಸೂಜಿ ಸಣ್ಣಗೆ ಗುಂಯ್‌ಗುಡುತ್ತದೆ. ಬಾಗಿಲು ಸಿಕ್ಕಿದ ಕೂಡಲೇ ಅದರ ಸ್ವರ ಇಳಿಯುತ್ತದೆ. ನಿಮ್ಮ ಡಾಕ್ಟರಿಗೆ ಆ ಸ್ವರವಿರಲಿಲ್ಲ, ಬೆರಳ ತುದಿಗೆ ತಾಗುವ ಸಡಿಲದಿಂದಲೇ ತಿಳಿಯುತ್ತಿದ್ದರು. ಆಮೇಲೆ ಕೂದಲಿನಂಥ ಒಂದು ನಾಳವನ್ನು ಒಳಗೆ ಬಿಟ್ಟು ಸೂಜಿ ತೆಗೆಯುತ್ತೇವೆ. ಆ ನಾಳದಲ್ಲಿ ಔಷಧ ಹನಿಹನಿಯಾಗಿ ಇಳಿಯುತ್ತದೆ. ನಂತರ ಮಂಜುಗಡ್ಡೆಯ ಚೂರೊಂದನ್ನು ತೊಡೆಯಿಂದ ಹೊಟ್ಟೆಯ ಮೇಲಕ್ಕೆ ಸವರುತ್ತ ಎಲ್ಲಿ ತಣ್ಣಗೆ, ಎಲ್ಲಿ ಇಲ್ಲ ಎಂದು ವಿಚಾರಿಸುತ್ತೇವೆ. ಹೊಟ್ಟೆ ಬಿಗಿಯುವುದು, ಮಗು ಕೆಳಗೆ ಒತ್ತುವುದು ತಿಳಿಯುತ್ತದೆ. ಜೀವ ಹಿಂಡುವ ನೋವು ಮಾತ್ರ ದೂರ ಸರಿಯುತ್ತದೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಮಾತಾಡುತ್ತಾಳೆ, ತಿಣುಕುತ್ತಾಳೆ, ಮಗುವಿನ ಮೊದಲ ಅಳು ಕೇಳುತ್ತಾಳೆ.

ಸುಳ್ಳು ಹೇಳಿ ಒಪ್ಪಿಸುವುದು ನನ್ನ ಕಸುಬಲ್ಲ, ಆದ್ದರಿಂದ ಉಳಿದದ್ದನ್ನೂ ಕೇಳು. ಕಾಲು ಭಾರವಾಗುತ್ತದೆ. ಮೈ ನಡುಗಬಹುದು, ತುರಿಕೆ ಬರಬಹುದು, ರಕ್ತದ ಒತ್ತಡ ಇಳಿಯಬಹುದು. ಅದಕ್ಕೇ ಪಕ್ಕದಲ್ಲಿ ಒಬ್ಬರು ಕಣ್ಣಿಟ್ಟು ಕಾದಿರುತ್ತಾರೆ. ಕೆಲವೊಮ್ಮೆ ಒಂದು ಪಕ್ಕಕ್ಕೆ ಹತ್ತಿ ಇನ್ನೊಂದು ಪಕ್ಕ ಬಾಕಿ ಉಳಿಯುತ್ತದೆ, ಮತ್ತೆ ಸರಿಪಡಿಸಬೇಕಾಗುತ್ತದೆ. ಅಪರೂಪಕ್ಕೆ ಒಬ್ಬಿಬ್ಬರಿಗೆ ಕೆಲವು ದಿನ ಕೆಟ್ಟ ತಲೆನೋವು ಬರುತ್ತದೆ. ರಕ್ತ ಹೆಪ್ಪುಗಟ್ಟದ ತೊಂದರೆಯಂಥದು ಇದ್ದವರಿಗೆ ಇದನ್ನು ಕೊಡುವುದೇ ಇಲ್ಲ. ಆದರೆ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜನ್ಮಪೂರ್ತಿ ಬೆನ್ನುನೋವು ಎಂಬ ಮಾತಿದೆಯಲ್ಲ, ಅದು ಮಾತು ಮಾತ್ರ. ಒಂಬತ್ತು ತಿಂಗಳು ಹೊತ್ತು, ಆಮೇಲೆ ಎತ್ತಿ, ಹಾಲೂಡಿಸಿ, ಬಗ್ಗಿ ಎದ್ದು ಮಾಡಿದರೆ ಯಾರ ಬೆನ್ನು ತಾನೇ ನೋಯುವುದಿಲ್ಲ? ತಪ್ಪು ಯಾರದೋ, ಬೈಗುಳ ಸೂಜಿಗೆ.

ಎಲ್ಲ ತಿಳಿದ ಮೇಲೆ ಎರಡನೆಯ ಸಲ ಕೇಳುತ್ತೇನೆ. ಬೇಕೇನವ್ವ?

ಮೂರು ಸಲ ಕೇಳುವ ಕಟ್ಟಳೆ ನಮ್ಮಲ್ಲಿ ಮೊದಲಿನಿಂದ ಇರಲಿಲ್ಲ. ನಾನು ಹುಡುಗಿಯಾಗಿದ್ದಾಗ ಈ ಊರಿನಲ್ಲಿ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಜೋಮು ಅಗ್ಗವಾಗಿತ್ತು, ಸುಲಭವಾಗಿತ್ತು. ನೋವಿನಲ್ಲಿರುವವರಿಗೆ ಪ್ರಶ್ನೆ ಹಾಕುವುದು ಒರಟುತನವೆಂದು ನಮ್ಮವರು ತಿಳಿದಿದ್ದರು. ಊಟಕ್ಕೆ ಕುಳಿತವರ ಎಲೆಗೆ ಕೇಳದೆ ತುಪ್ಪ ಬಡಿಸಿದಂತೆ, ನರಳುವ ಸದ್ದು ಕೇಳಿದ ಕೂಡಲೇ ಜೋಮು ಹಾಕಿಬಿಡುವುದೇ ಮರ್ಯಾದೆ. ಹೆರಿಗೆಮನೆಯಲ್ಲಿ ಯಾವ ಹೆಣ್ಣೂ ಬಾಯಿ ತೆರೆಯುತ್ತಿರಲಿಲ್ಲ, ಯಾರೂ ಅವಳ ಬಾಯಿಯ ಕಡೆ ನೋಡುತ್ತಲೂ ಇರಲಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಅದನ್ನು ನಮಗೆ ಕಲಿಸಿದ್ದು ಫಕ್ಕೀರಪ್ಪನ ಕಾಲು.

ಫಕ್ಕೀರಪ್ಪ ಆಗ ಗಾಳಿಕಂಬ ಹತ್ತಿ ರೆಕ್ಕೆ ಒರೆಸುತ್ತಿದ್ದ ಹರೆಯದ ಆಳು. ಒಂದು ದಿನ ಕಾಲು ಜಾರಿ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಅವನನ್ನು ಹೊತ್ತು ತಂದವರು ಹೊಸಿಲು ದಾಟುವ ಮೊದಲೇ ಕಾಲಿಗೆ ಜೋಮು ಬಿತ್ತು. ಪಟ್ಟಿ ಕಟ್ಟಿದರು, ಮಲಗಿಸಿದರು, ಅವನು ಹಾಯಾಗಿ ಹಾಡು ಹೇಳುತ್ತ ಮಲಗಿದ. ಒಳಗೆ ಕಾಲು ಬಾತು, ರಕ್ತದ ದಾರಿ ಮುಚ್ಚುತ್ತಿತ್ತು. ಅದನ್ನು ಹೇಳಬೇಕಾದದ್ದು ನೋವು, ಆ ನೋವಿನ ಬಾಯಿಗೇ ಬಟ್ಟೆ ತುರುಕಿಯಾಗಿತ್ತು. ನೋಡುವ ಹೊತ್ತಿಗೆ ಪಾದ ಕಪ್ಪಾಗಿತ್ತು. ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. ಈಗ ಅವನು ಎಪ್ಪತ್ತೈದರ ಮುದುಕ, ಮರದ ಕಾಲಿನವನು, ಊರಿಗೆಲ್ಲ ಒಂದೇ ಪಾಠ ಹೇಳುತ್ತಾನೆ. “ನೋವು ಅಂದ್ರ ನಾಯಿ ಇದ್ದಂಗ. ಬೊಗಳಿದ್ರ ಮೊದಲ ಯಾಕ ಅಂತ ನೋಡ್ರಿ, ಆಮ್ಯಾಲೆ ಕಟ್ಟಿ ಹಾಕ್ರಿ. ನೋಡದ ಕಟ್ಟಿದ್ರ ಕಳ್ಳ ಒಳಗ ಬರ್ತಾನ.” ಅವನ ಕಾಲು ಹೋದ ಮೇಲೆ ಊರು ಸೇರಿ ಕಟ್ಟಳೆ ಮಾಡಿತು. ಇನ್ನು ಮುಂದೆ ಕೇಳದೆ ಜೋಮು ಇಲ್ಲ. ಮುರಿದ ಕಾಲಿಗೆ ಹಾಕಿದ ಜೋಮನ್ನು ಆಗಾಗ ಇಳಿಸಿ, ಹೇಗಿದೆ ಎಂದು ಕೇಳಬೇಕು. ಬಸುರಿಯನ್ನು ಮೂರು ಸಲ ಕೇಳಬೇಕು. ನೋವಿಲ್ಲದೆ ನಗುತ್ತಿರುವಾಗ ಒಮ್ಮೆ, ಬೇನೆ ಶುರುವಾದಾಗ ಒಮ್ಮೆ, ಮಣೆಯ ಮುಂದೆ ಕೊನೆಯ ಸಲ. ಕೇಳುವಾಗ ಗಂಡ, ಅತ್ತೆ, ತಾಯಿ, ಅಜ್ಜಿ ಯಾರೂ ಹತ್ತಿರ ಇರಬಾರದು. ತೋಳು ಕೊಡುವವರು ಇರಬಹುದು, ಅವರು ಬಾಯಿ ಬಿಡಬಾರದು. ಬೇಡ ಎಂದವಳಿಗೂ ಬೇಕು ಎಂದವಳಿಗೂ ಬಾಣಂತನದ ಖಾರದ ಲಡ್ಡು ಒಂದೇ ಅಳತೆ. ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳು ಮೂರು ಸಲವೂ ಬೇಡ ಎಂದು, ಗುಡ್ಡ ನಡುಗುವಂತೆ ಕೂಗಿ ಹೆತ್ತು, ಆಮೇಲೆ ನಗುತ್ತ ಎರಡು ತಟ್ಟೆ ಉಪ್ಪಿಟ್ಟು ತಿಂದಳು. ಅದು ಅವಳ ಇಷ್ಟ.

ಹಾಗಾದರೆ ನನಗೇಕೆ ಸಂಕಟ ಎಂದು ಕೇಳುತ್ತೀಯಾ? ಮುಗಿಲು ಎರಡು ಸಲವೂ ಬೇಡ ಎಂದಿದ್ದಾಳೆ. ಬೇಡ ಎಂದದ್ದಕ್ಕಲ್ಲ ನನ್ನ ಸಂಕಟ, ಯಾಕೆ ಬೇಡ ಎಂದಳು ಎಂಬುದಕ್ಕೆ. ಹೆರಿಗೆಮನೆಯಲ್ಲಿ ಅವಳನ್ನು ಮೊದಲ ಸಲ ಕೇಳಿ ಕಳಿಸಿದ ದಿನ ಅವಳೇ ಮನೆಗೆ ಬಂದು ನನಗೆ ಹೇಳಿದಳು. “ನಮ್ಮ ಸುವರ್ಣಜ್ಜಿ ತುಟಿ ಪಿಟಕ್ಕ ಅನ್ನಲಾರದ ಹಡದಾಳ. ಅಕಿ ತಡಕೊಂಡಾಳಂದ್ರ ನಾ ತಡಕೊಳ್ಳಾಕ ಆಗೂದಿಲ್ಲೇನು? ಅಕಿ ಹೆಸರು ಕೆಡಸಾಕ ನಾ ತಯಾರಿಲ್ಲ.”

ನೀನು ನಮ್ಮ ಮನೆಯಲ್ಲಿ ಒಂದು ಕತೆಯಾಗಿದ್ದೀಯ, ಸುವರ್ಣವ್ವ. ಬಸುರಾದ ಪ್ರತಿ ಮಗಳಿಗೂ ಅವಳ ತಾಯಿ ಹೇಳುವ ಕತೆ. ನನ್ನ ತಾಯಿ ನನಗೆ ಹೇಳಿದಂತೆಯೇ ನಿನಗೆ ಒಪ್ಪಿಸುತ್ತೇನೆ. ಗದಗಿನ ಯಾವುದೋ ಆಸ್ಪತ್ರೆ, ಹೆಸರು ಉಳಿದಿಲ್ಲ. ನೀನು ಬೇನೆ ತಿನ್ನುತ್ತ ಮಲಗಿದ್ದೀಯ. ಡಾಕ್ಟರ್ ಬಂದು, “ಬೆನ್ನಿಗೆ ಸೂಜಿ ಕೊಡಬಹುದು ನೋಡ್ರಿ, ನೋವು ಕಡಿಮಿ ಆಗ್ತದ” ಎನ್ನುತ್ತಾರೆ. ನಿನ್ನ ಅತ್ತೆ, “ಬ್ಯಾಡ್ರೀ ಸಾಹೇಬ್ರ, ಆಮ್ಯಾಲೆ ಜಲಮ ಪೂರ್ತಿ ಬೆನ್ನು ಹಿಡಕೊಂಡು ಕುಂದರ್ತಾಳ. ನಾವೆಲ್ಲಾ ಹಡದಿಲ್ಲೇನು?” ಎನ್ನುತ್ತಾಳೆ. ನಿನ್ನ ಗಂಡ ಗೋಡೆ ನೋಡುತ್ತ, “ಅವ್ವ ಹೇಳಿದಂಗ ಮಾಡ್ರಿ” ಎನ್ನುತ್ತಾನೆ. ನರ್ಸು, “ಜರಾ ತಡಕೋರಿ ಅಕ್ಕಾ, ಇನ್ನೇನ ಆತು” ಎನ್ನುತ್ತಾಳೆ. ನೀನು ಸೆರಗಿನ ತುದಿಯನ್ನು ಬಾಯಿಗಿಟ್ಟು, ಅದು ಹರಿದು ಬರುವಷ್ಟು ಕಚ್ಚಿ, ಸದ್ದಿಲ್ಲದೆ ಹೆಣ್ಣು ಮಗುವನ್ನು ಹೆರುತ್ತೀಯ. ಅತ್ತೆ ಊರೆಲ್ಲ ಹೇಳಿಕೊಂಡು ಬರುತ್ತಾಳೆ, ನನ್ನ ಸೊಸೆ ಗಟ್ಟಿಗಿತ್ತಿ ಎಂದು. ಕತೆ ಅಲ್ಲಿಗೆ ಮುಗಿಯುತ್ತದೆ. ಕೇಳಿದ ಹುಡುಗಿಯರ ಬೆನ್ನು ನೆಟ್ಟಗಾಗುತ್ತದೆ.

ಇವತ್ತು ಈ ಕಟ್ಟೆಯ ಮೇಲೆ ಕುಳಿತು ಅದೇ ಕತೆಯನ್ನು ಮನಸ್ಸಿನಲ್ಲಿ ಮತ್ತೆ ಹೇಳಿಕೊಂಡೆ. ಆಗ ಹೊಳೆಯಿತು. ಈ ಕತೆಯಲ್ಲಿ ಡಾಕ್ಟರ್ ಮಾತಾಡುತ್ತಾರೆ, ಅತ್ತೆ ಮಾತಾಡುತ್ತಾಳೆ, ಗಂಡ, ನರ್ಸು ಎಲ್ಲರೂ ಮಾತಾಡುತ್ತಾರೆ. ಹೆರುವವಳು ನೀನು. ನಿನ್ನದು ಒಂದು ಮಾತೂ ಇಲ್ಲ. ಸೆರಗನ್ನು ಹರಿಯುವಂತೆ ಕಚ್ಚಿದವಳಿಗೆ ನೋವು ಸಣ್ಣದಾಗಿತ್ತು ಎಂದು ಯಾವ ಜೋಮುಗಾರ್ತಿಯೂ ಒಪ್ಪುವುದಿಲ್ಲ. ನೀನು ತಡೆದುಕೊಳ್ಳುತ್ತೇನೆ ಎಂದೆಯಾ, ಸೂಜಿ ಕೊಡಿ ಎಂದೆಯಾ, ಹೇಳಲು ಬಾಯಿ ತೆರೆದಾಗ ಯಾರಾದರೂ ಸುಮ್ಮನಿರು ಎಂದರಾ, ಯಾರಿಗೂ ಗೊತ್ತಿಲ್ಲ. ನಮ್ಮ ವಂಶದ ಹೆಣ್ಣುಮಕ್ಕಳೆಲ್ಲ ನಿನ್ನ ಮೌನವನ್ನು ಧೈರ್ಯವೆಂದು ಹಾಡಿ ಹೊಗಳಿದ್ದೇವೆ. ನನಗೆ ಅಳು ಬಂತು, ಸುವರ್ಣವ್ವ, ಮುಚ್ಚಿಡುವುದೇಕೆ. ಓಡಿಹೋಗಿ ಬಾಗಿಲು ಬಡಿದು ಮುಗಿಲುವಿಗೆ ಇದನ್ನು ಹೇಳಬೇಕೆನಿಸಿತು. ಹೇಳಿದ್ದರೆ ನಾನೂ ನಿನ್ನ ಅತ್ತೆಯೂ ಒಂದೇ ಆಗುತ್ತಿದ್ದೆವು. ಅತ್ತೆ ಬೇಡ ಎಂದಳು, ನಾನು ಬೇಕು ಎನ್ನುತ್ತಿದ್ದೆ, ಅಷ್ಟೇ ವ್ಯತ್ಯಾಸ. ಕೈ ಕೈ ಹಿಸುಕಿಕೊಂಡು ಕುಳಿತೆ.

ಇಷ್ಟು ಬರೆಯುವಾಗ ಬಾಗಿಲು ತೆರೆದು ಹುಲಿಗೆವ್ವ ಹೊರಗೆ ಬಂದಳು. ಮೂರನೆಯ ಸಲ ಕೇಳುವ ಹೊತ್ತು. ಒಳಗಿನವಳು ಉತ್ತರ ಕೊಡುವ ಮೊದಲು ಮನೆತನದ ಬಗ್ಗೆ ಏನಾದರೂ ತಿಳಿಯಬಯಸಿದರೆ, ಹೊರಗಿನವರು ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬಹುದು. ಮೈಯ ಕಾಯಿಲೆಗಳ ವಿಷಯ ತಿಳಿಯಲೆಂದು ಮಾಡಿದ ಏರ್ಪಾಡು ಅದು. ಹುಲಿಗೆವ್ವ ನನ್ನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದಳು. “ಅಮ್ಮಾರ, ಮುಗಿಲು ಒಂದ ಮಾತು ಕೇಳಾಕತ್ತಾಳ. ಸುವರ್ಣಜ್ಜಿನ್ನ ಯಾರರ ಕೇಳಿದ್ರೇನು?”

ನಾನು ಬರೆಯುತ್ತಿದ್ದುದನ್ನು ಮುಗಿಲು ಗೋಡೆಯಾಚೆಯಿಂದ ಓದಿದಳೋ ಎನಿಸಿತು. ಆದರೆ ಯೋಚಿಸಿದರೆ ಆಶ್ಚರ್ಯವೇನಿಲ್ಲ. ತನ್ನನ್ನು ಎರಡು ಸಲ ಕೇಳಿದ ಮೇಲೆ, ಕತೆಯಲ್ಲಿ ಆ ಜಾಗ ಖಾಲಿ ಇದೆಯೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ನನ್ನ ನಾಲಿಗೆಯ ಮೇಲೆ ನೂರು ಮಾತುಗಳಿದ್ದವು. ಕಟ್ಟಳೆಗೆ ತಲೆಬಾಗಿ ಒಂದನ್ನೇ ಹೇಳಿದೆ. “ಇಲ್ಲ.”

ಹುಲಿಗೆವ್ವ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಗೋಡೆ ದಪ್ಪವಿದ್ದರೂ ಮುಗಿಲುವಿನ ಗಂಟಲು ನಮ್ಮ ಮನೆತನದ್ದು. “ಹಂಗಾರ ಅಕಿ ತಡಕೊಂಡಿದ್ದಲ್ಲ. ತಡಕೊಳ್ಳಾಕ ಹಚ್ಚಿದ್ರು.” ಆಮೇಲೆ ಒಂದು ಬೇನೆ ಬಂದು ಹೋಗುವಷ್ಟು ಹೊತ್ತು ನರಳಾಟ. ಆಮೇಲೆ ಅದೇ ದನಿ. “ನನಗ ಬೇಕು. ಫಕ್ಕೀರಪ್ಪಮಾವನ್ನ ಕರೀರಿ.”

ಫಕ್ಕೀರಪ್ಪ ಅವಳ ತೋಳುಮಾವ. ಅವಳು ಹುಟ್ಟುವಾಗ ಅವಳ ತಾಯಿಗೆ ತೋಳು ಕೊಟ್ಟವನು ಅವನೇ. ಹಾಗೆ ತೋಳು ಕೊಟ್ಟವರು ನಮ್ಮಲ್ಲಿ ಮಗುವಿಗೆ ಸೋದರಮಾವನಷ್ಟೇ ಹತ್ತಿರದ ನೆಂಟರು. ಮರದ ಕಾಲನ್ನು ಟಕಟಕ ಊರುತ್ತ ನನ್ನೆದುರೇ ಒಳಗೆ ಹೋದ, ನನ್ನ ಕಡೆ ನೋಡಿ ಹುಬ್ಬು ಕುಣಿಸಿದ. ಸ್ವಲ್ಪ ಹೊತ್ತಿಗೆ ಸೂಜಿಯ ಗುಂಯ್‌ಗಾನ ಕೇಳಿಸಿತು. ನಾನು ಗೋಡೆಗೆ ಕಿವಿ ಆನಿಸಿ ಕಾದೆ. ಸ್ವರ ಇಳಿಯಿತು. ಡಂಬಳದ ಹುಡುಗಿಯ ಕೈ ನಿಜಕ್ಕೂ ಒಳ್ಳೆಯದು, ಕೊಬ್ಬನ್ನು ಕ್ಷಮಿಸಿದ್ದೇನೆ.

ಬಿಸಿಲು ಇಳಿದು ನೆರಳುಬೀದಿಯಲ್ಲಿ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು. ಮುಗಿಲು ಕೊನೆಗೆ ಚೆನ್ನಾಗಿಯೇ ಕೂಗಿದಳು; ನೋವಿಗಲ್ಲ, ತಿಣುಕುವ ಭರಕ್ಕೆ. ಕಾಲುಗಳು ಇನ್ನೂ ಕಲ್ಲಾಗಿವೆ, ತುರಿಕೆ ಎಂದು ಹುಲಿಗೆವ್ವನನ್ನು ಬೈಯುತ್ತಿದ್ದಾಳೆ, ಮಗುವನ್ನು ಕೆಳಗಿಡುತ್ತಿಲ್ಲ. ಅವಳ ಬೆವರಿನ ಹಣೆ ಮುಟ್ಟಿ ಈಗಷ್ಟೇ ಹೊರಗೆ ಬಂದೆ. ಓಲೆ ಮುಗಿಸಿ ಗೂಡಿನಲ್ಲಿಡಬೇಕು.

ನಿನ್ನಲ್ಲಿ ನನ್ನದೊಂದು ಬೇಡಿಕೆ, ಸುವರ್ಣವ್ವ. ನಿನ್ನ ಅತ್ತೆಯ ಮೇಲೆ ಸಿಟ್ಟಾಗಬೇಡ, ಅವಳನ್ನೂ ಅವಳ ಕಾಲದಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಆ ದಿನ ಆಸ್ಪತ್ರೆಯಲ್ಲಿ ಎಲ್ಲರ ಮಾತು ಮುಗಿದ ಮೇಲೆ, ನೀನೂ ಒಂದು ಮಾತಾಡು. ಬೇಕೆನಿಸಿದರೆ ಬೇಕು ಎನ್ನು, ಬೇಡವೆನಿಸಿದರೆ ಬೇಡ ಎನ್ನು, ಆದರೆ ಅದು ನಿನ್ನ ಬಾಯಿಂದ ಬರಲಿ. ಆಗದೆ ಹೋದರೆ, ನಿನ್ನ ಮಗಳು ದೊಡ್ಡವಳಾಗಿ ಹೇಗಿತ್ತವ್ವ ಎಂದು ಕೇಳಿದಾಗ, ಏನೂ ಅನ್ನಿಸಲಿಲ್ಲ ಎನ್ನಬೇಡ. ಹೇಗಿತ್ತೋ ಹಾಗೆ ಹೇಳು. ನಮ್ಮ ಕತೆ ಬದಲಾದರೆ ಬದಲಾಗಲಿ. ಈ ಎಳೆಕೂಸಿಗೆ ಹೇಳುವ ಕತೆಯಲ್ಲಿ ಗಂಡನ ಮಾತು ಮುಗಿದ ಮೇಲೆ ನಾವು ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. ಆ ಜಾಗ ನಿನ್ನದು.

ಒಳಗೆ ಮಗು ಅಳುತ್ತಿದೆ, ನನ್ನನ್ನು ಕರೆಯುತ್ತಿದ್ದಾರೆ. ಇಲ್ಲಿ ಈಗ ಯಾರೂ ಇಲ್ಲ, ನಿನ್ನ ಅತ್ತೆಯಿಲ್ಲ, ಗಂಡನಿಲ್ಲ, ನಾನು ಮತ್ತು ನೀನು ಮಾತ್ರ. ಮೂರನೆಯ ಸಲ ಕೇಳುತ್ತಿದ್ದೇನೆ.

ಬೇಕೇನವ್ವ?

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ನೀಲಗಂಗವ್ವ